ಇಪ್ಪತ್ತು ಬಿದ್ದಾಗ ಬೆಂಕಿಗೂ ಇಮ್ಮಡಿಯೇ?

ಜಯನಗರದ ಒಂದು ಮನೆಯ ಊಟದ ಮೇಜು. ಭಾನುವಾರದ ಊಟ ಮುಗಿಸಿ, ಮೇಜು ಒರೆಸಿ, ಅದರ ಮೇಲೆ ಚೌಕಗಳ ಹಾಳೆ ಹಾಸಿದ್ದೆವು. ಒಟ್ಟು ಐದು ಜನ. ಕಥೆ ನಡೆಸುವ ಡಂಜನ್ ಮಾಸ್ಟರ್ ನಮ್ಮೆಲ್ಲರಿಗಿಂತ ಹಿರಿಯರು, ಎಲ್ಲರಿಗೂ ಅಕ್ಕ. ಸೇತುವೆಯ ಅಡಿಯಿಂದ ಟ್ರೋಲ್ ಎಂಬ ರಾಕ್ಷಸ ಎದ್ದು ಬಂದು ಅರ್ಧ ಗಂಟೆಯಾಗಿತ್ತು. ಎಷ್ಟು ಕಡಿದರೂ ಅದರ ಗಾಯ ತಾನಾಗಿ ಮಾಯುತ್ತಿತ್ತು. ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗನೊಬ್ಬ ತನ್ನ ಸರದಿ ಬಂದಾಗ ಕುರ್ಚಿಯಿಂದ ಎದ್ದೇ ನಿಂತ. ಅವನ ಯೋಧನಿಗೆ ಹಿಂದಿನ ವಾರ ಒಂದು ಹಳೆಯ ಗೋರಿಯೊಳಗೆ ಫ್ಲೇಮ್ ಟಂಗ್ ಸಿಕ್ಕಿತ್ತು: ಹೆಸರು ಹಿಡಿದು ಕರೆದರೆ ಅಲಗಿನ ಉದ್ದಕ್ಕೂ ಬೆಂಕಿ ಹೊತ್ತಿಕೊಳ್ಳುವ ಕತ್ತಿ. ಇಪ್ಪತ್ತು ಮುಖದ ದಾಳ ಉರುಳಿ, ನೀರಿನ ಲೋಟಕ್ಕೆ ತಾಗಿ ನಿಂತಿತು. 20. ಎಲ್ಲರೂ ಒಟ್ಟಿಗೆ ಕೂಗಿದೆವು. ಕೂಗು ಅಡಗಿದ ಮೇಲೆ ಹುಡುಗ ಕೇಳಿದ:

"ಅಕ್ಕಾ, ಬೆಂಕಿದೂ ಡಬಲ್ಲಾ?"

ಮಂತ್ರದ ಕತ್ತಿ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಉತ್ತರ ಒಂದೇ ಪದದ್ದು. ಆದರೆ ಆ ಪದ ಯಾವುದು ಎಂಬುದು ನೀವು ಯಾವ ವರ್ಷದ ನಿಯಮಪುಸ್ತಕ ಇಟ್ಟುಕೊಂಡು ಆಡುತ್ತೀರಿ ಎಂಬುದರ ಮೇಲೆ ನಿಂತಿದೆ. 2000ದ ಪುಸ್ತಕ 'ಇಲ್ಲ' ಎನ್ನುತ್ತದೆ, 2014ರದು 'ಹೌದು' ಎನ್ನುತ್ತದೆ. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಆ ನಿಯಮ ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟಂತೆ ತಿರುಗಿಬಿಟ್ಟಿದೆ. ಮೊದಲು ಹೆಚ್ಚುತ್ತಿದ್ದದ್ದು ಈಗ ಹೆಚ್ಚುವುದಿಲ್ಲ, ಮೊದಲು ಹೆಚ್ಚದೆ ಉಳಿಯುತ್ತಿದ್ದದ್ದು ಈಗ ಹೆಚ್ಚುತ್ತದೆ.

ಈ ಆಟ ಆಡದವರಿಗಾಗಿ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಅಚ್ಚಾದ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಕಟ್ಟಿದವರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗುತ್ತಾರೆ. ಹೊಡೆದಾಟ ಬಂದಾಗ ದಾಳ ಎರಡು ಸಲ ಉರುಳುತ್ತದೆ. ಮೊದಲು ಇಪ್ಪತ್ತು ಮುಖದ್ದು: ಏಟು ತಾಗಿತೋ ಇಲ್ಲವೋ ಎಂದು ತಿಳಿಯಲು. ತಾಗಿದರೆ ಆಮೇಲೆ ಆಯುಧದ ದಾಳ: ಎಷ್ಟು ಆಳಕ್ಕೆ ಇಳಿಯಿತು ಎಂದು ತಿಳಿಯಲು. ಉದ್ದ ಕತ್ತಿಯದು ಎಂಟು ಮುಖದ ಒಂದು ದಾಳ. ಅದಕ್ಕೆ ತೋಳಿನ ಬಲ ಮೂರೋ ನಾಲ್ಕೋ ಕೂಡುತ್ತದೆ. ಮೊದಲನೆಯ ದಾಳದಲ್ಲಿ 20 ಬಿದ್ದರೆ ಅದು ಕ್ರಿಟಿಕಲ್ ಹಿಟ್, ಆಟಗಾರರ ಬಾಯಲ್ಲಿ ಕ್ರಿಟ್. ಮರ್ಮಕ್ಕೆ ಬಿದ್ದ ಏಟು ಎನ್ನಬಹುದು. ಇಪ್ಪತ್ತರಲ್ಲಿ ಒಂದು ಸಲ, ಅಂದರೆ ಶೇ 5 ಸಾಧ್ಯತೆ.

ಮಂತ್ರದ ಆಯುಧಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು 'ಪ್ಲಸ್ ಒನ್' ಜಾತಿಯದು. ತಾಗುವುದಕ್ಕೂ ಒಂದು ಅಂಕ, ಹಾನಿಗೂ ಒಂದು ಅಂಕ ಸದ್ದಿಲ್ಲದೆ ಕೂಡಿಸುತ್ತದೆ. ಇನ್ನೊಂದು ಬೆಂಕಿ, ಹಿಮ, ಸಿಡಿಲಿನ ಜಾತಿಯದು. ತಾಗಿದ ಪ್ರತಿ ಸಲವೂ ಬೇರೆ ದಾಳ ಕೊಡುತ್ತದೆ. ಫ್ಲೇಮ್ ಟಂಗ್ ಕೊಡುವುದು ಆರು ಮುಖದ ಎರಡು ದಾಳ. ಮೊದಲನೆಯದು ಕೂಡುವ ಮಂತ್ರ, ಎರಡನೆಯದು ಉರುಳುವ ಮಂತ್ರ. ಮುಂದಿನದೆಲ್ಲ ಈ ಎರಡರ ನಡುವಿನ ಕಥೆ.

ಕ್ರಿಟ್ ಈ ಆಟದ ಹುಟ್ಟಿನಿಂದ ಬಂದದ್ದಲ್ಲ. 1974ರ ಪುಸ್ತಕಗಳಲ್ಲಿ ಅದಿರಲಿಲ್ಲ. ಮರುವರ್ಷ, 1975ರಲ್ಲಿ, ಅದೇ ಪ್ರಕಾಶಕರು ತಂದ ಎಂಪೈರ್ ಆಫ್ ದ ಪೆಟಲ್ ಥ್ರೋನ್ ಎಂಬ ಇನ್ನೊಂದು ಆಟದಲ್ಲಿ ಅದು ಕಾಣಿಸಿಕೊಂಡಿತು. ಬರೆದವರು ಎಂ. ಎ. ಆರ್. ಬಾರ್ಕರ್, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನ ಕಲಿಸುತ್ತಿದ್ದ ಭಾಷಾವಿಜ್ಞಾನಿ. ಕಾಲೇಜು ಮಕ್ಕಳಿಗೆ ಉರ್ದು ಪಠ್ಯ ಬರೆದ ಕೈಯೇ ಟೇಕುಮೆಲ್ ಎಂಬ ಕಲ್ಪಿತ ಲೋಕಕ್ಕೆ ಸ್ವಂತ ಭಾಷೆ, ಲಿಪಿ, ವ್ಯಾಕರಣಗಳನ್ನೂ ಕಟ್ಟಿತ್ತು. ಅವರ ನಿಯಮದಲ್ಲಿ 20 ಬಿದ್ದರೆ ಹಾನಿ ಎರಡರಷ್ಟು. ಅಲ್ಲಿಗೇ ನಿಲ್ಲದೆ ಇನ್ನೊಮ್ಮೆ ಉರುಳಿಸಬೇಕು. 19 ಅಥವಾ 20 ಬಂದರೆ ಎದುರಾಳಿ ಅಲ್ಲೇ ಸತ್ತ. ಚೌಕಾಬಾರ ಆಡಿದವರಿಗೆ ಇದರ ರುಚಿ ಗೊತ್ತು. ನಾಲ್ಕೋ ಎಂಟೋ ಬಿದ್ದವನಿಗೆ ಮತ್ತೊಮ್ಮೆ ಕವಡೆ ಹಾಕುವ ಹಕ್ಕು ಸಿಗುವಾಗ ಎದೆ ಹೇಗೆ ಬಡಿದುಕೊಳ್ಳುತ್ತದೋ ಹಾಗೆ.

ಗೈಗ್ಯಾಕ್ಸ್ ಇದನ್ನು ಒಪ್ಪಲಿಲ್ಲ. 1979ರಲ್ಲಿ ಬಂದ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ, ತಮ್ಮ ಆಟಕ್ಕೆ ಇಂಥ ಇಮ್ಮಡಿ ಏಟು ಏಕೆ ಹೊಂದದು ಎಂದು ವಾದ ಮಾಡಿಯೇ ಬರೆದರು. ಆ ವಾದವನ್ನು ಹಳಬರ ಹಟವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಮಾತ್ರ ಅದು ಈ ವಿಷಯದಲ್ಲಿ ಬಂದ ಅತ್ಯಂತ ಸ್ಪಷ್ಟವಾದ ಯೋಚನೆಗಳಲ್ಲಿ ಒಂದೆನಿಸುತ್ತದೆ. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಹಾಗಾದರೆ ರಾಕ್ಷಸನಿಗೂ 20 ಬೀಳುತ್ತದೆ. ರಾಕ್ಷಸ ಕಥೆಯೊಳಗೆ ಬದುಕುವುದು ನಾಲ್ಕೈದು ಸುತ್ತು ಮಾತ್ರ. ಅಷ್ಟರಲ್ಲಿ ಅವನಿಗೆ ಬೀಳುವ ಏಟು ಹತ್ತೋ ಹದಿನೈದೋ. ನಾಯಕನ ಪಾತ್ರ ಹಾಗಲ್ಲ, ವಾರ ವಾರ ಅದೇ ಮೈಯಲ್ಲಿ ಹೊಸ ಹೊಸ ಶತ್ರುಗಳ ಮುಂದೆ ನಿಲ್ಲುತ್ತದೆ. ಲೆಕ್ಕಕ್ಕೆಂದು ಒಂದು ಸಂಜೆಗೆ ಹತ್ತು ಏಟು ಎಂದಿಟ್ಟುಕೊಳ್ಳಿ. ನಲವತ್ತು ಸಂಜೆಗೆ ನಾನೂರು ಏಟು, ಅವುಗಳಲ್ಲಿ ಸರಾಸರಿ ಇಪ್ಪತ್ತು ಕ್ರಿಟ್. ಅದರಲ್ಲಿ ಒಂದು ಕೊಂದರೂ ಸಾಕು, ವರ್ಷವಿಡೀ ಬೆಳೆಸಿದ ಪಾತ್ರ ಹೋಯಿತು. ಶೇ 5 ಇಬ್ಬರಿಗೂ ಸಮಾನವೆಂದು ಕಂಡರೂ ಅದರ ಹೊರೆ ಬೀಳುವುದು ಹೆಚ್ಚು ಕಾಲ ಬದುಕುವವರ ಮೇಲೆ.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಸಾಮಾನ್ಯ ಕತ್ತಿಗೆ ಕ್ರಿಟ್ ಬೇಡವೆಂದ ಗೈಗ್ಯಾಕ್ಸ್, ಮಂತ್ರದ ಕತ್ತಿಗೆ ಆ ಬಾಗಿಲು ಮುಚ್ಚಿರಲಿಲ್ಲ. 1975ರ ಗ್ರೇಹಾಕ್ ಪುರವಣಿಯಲ್ಲೇ ವೋರ್ಪಲ್ ಎಂಬ ಖಡ್ಗವಿತ್ತು. ಹೆಸರು ಲೂಯಿಸ್ ಕ್ಯಾರೊಲ್‌ನ 'ಜ್ಯಾಬರ್‌ವಾಕಿ' ಪದ್ಯದಿಂದ ಬಂದದ್ದು. ದೊಡ್ಡ ಅಂಕ ಬಿದ್ದರೆ ಎದುರಾಳಿಯ ತಲೆಯೇ ಹಾರುತ್ತಿತ್ತು. ಅದರ ಪಕ್ಕದಲ್ಲೇ ಕೈಕಾಲು ಕಡಿಯುವ ಸೋರ್ಡ್ ಆಫ್ ಶಾರ್ಪ್‌ನೆಸ್. ಹಾಗಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಮರ್ಮದ ಏಟು ಮೊದಲು ಬಂದದ್ದು ಎಲ್ಲರ ಹಕ್ಕಾಗಿ ಅಲ್ಲ, ಕೆಲವೇ ಮಂತ್ರಾಯುಧಗಳ ಗುಟ್ಟಾಗಿ. ಅದೃಷ್ಟವಿದ್ದದ್ದು ಹಿಡಿದ ಕೈಯಲ್ಲಲ್ಲ, ಅಲಗಿನಲ್ಲಿ.

1989ರ ಎರಡನೆಯ ಆವೃತ್ತಿ ಕ್ರಿಟ್ಟನ್ನು ಐಚ್ಛಿಕ ನಿಯಮವಾಗಿ ಒಳಗೆ ಬಿಟ್ಟಿತು. ಅದು ಪೂರ್ತಿ ಮನೆಯವನಾದದ್ದು 2000ದಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ತಂದ ಮೂರನೆಯ ಆವೃತ್ತಿಯಲ್ಲಿ. ಆ ಪುಸ್ತಕದ ಲೆಕ್ಕ ನನಗೆ ಇಂದಿಗೂ ಇಷ್ಟ. ಅಲ್ಲಿ ಒಂದೊಂದು ಆಯುಧಕ್ಕೆ ಒಂದೊಂದು ಸ್ವಭಾವ. ಉದ್ದ ಕತ್ತಿಗೆ 19 ಬಿದ್ದರೂ 20 ಬಿದ್ದರೂ ಹಾನಿ ಎರಡರಷ್ಟು. ಯುದ್ಧದ ಕೊಡಲಿಗೆ 20 ಮಾತ್ರ, ಆದರೆ ಮೂರರಷ್ಟು. ರೇಪಿಯರ್ ಎಂಬ ತೆಳುವಾದ ಚುಚ್ಚುಗತ್ತಿಗೆ 18ರಿಂದಲೇ ಅವಕಾಶ, ಎರಡರಷ್ಟು. ಹುಲ್ಲು ಕೊಯ್ಯುವ ಉದ್ದ ಹಿಡಿಯ ಕುಡುಗೋಲಿಗೆ 20 ಒಂದೇ, ನಾಲ್ಕರಷ್ಟು. ಲೆಕ್ಕ ಹಾಕಿ ನೋಡಿದರೆ ಕತ್ತಿಯೂ ಕೊಡಲಿಯೂ ದೀರ್ಘಕಾಲದಲ್ಲಿ ಹಾನಿಗೆ ಕೂಡಿಸುವುದು ಶೇ 10ರಷ್ಟು. ಚುಚ್ಚುಗತ್ತಿಯೂ ಕುಡುಗೋಲೂ ಶೇ 15ರಷ್ಟು. ಒಂದು ಆಗಾಗ ಸ್ವಲ್ಪ ಕೊಡುತ್ತದೆ, ಇನ್ನೊಂದು ಅಪರೂಪಕ್ಕೆ ಸುರಿಯುತ್ತದೆ. ತಕ್ಕಡಿ ಸಮವೇ, ಹಿಡಿದವರ ಅನುಭವ ಮಾತ್ರ ಬೇರೆ ಬೇರೆ.

ಆದರೆ ದಾಳ 20 ತೋರಿಸಿದ ಮಾತ್ರಕ್ಕೆ ಅಲ್ಲಿ ಕ್ರಿಟ್ ಆಗುತ್ತಿರಲಿಲ್ಲ. ಇನ್ನೊಮ್ಮೆ ಉರುಳಿಸಿ, ಅದೂ ತಾಗುವಷ್ಟು ಬಂದರೆ ಮಾತ್ರ ಖಾತ್ರಿ. ಬಹಳ ಜನ ಬೈದ ನಿಯಮ ಇದು, ಅದರ ಹಿಂದಿನ ಕಾರಣ ಮಾತ್ರ ನ್ಯಾಯವಾದದ್ದು. ಎದುರಾಳಿಯ ಕವಚ ಎಷ್ಟು ಗಟ್ಟಿಯೆಂದರೆ 20 ಬಿದ್ದರಷ್ಟೇ ತಾಗುತ್ತದೆ ಎಂದುಕೊಳ್ಳಿ. ಖಾತ್ರಿಯ ಎರಡನೆಯ ಉರುಳು ಇಲ್ಲದಿದ್ದರೆ ತಾಗಿದ ಪ್ರತಿ ಏಟೂ ಮರ್ಮದ ಏಟೇ ಆಗಿಬಿಡುತ್ತದೆ.

ಇನ್ನು ಮಂತ್ರದ ಮಾತು. ಮೂರನೆಯ ಆವೃತ್ತಿಯಲ್ಲಿ ಕೂಡುವ ಮಂತ್ರ ಹೆಚ್ಚುತ್ತಿತ್ತು. ಕತ್ತಿಯ ಪ್ಲಸ್ ಒನ್, ತೋಳಿನ ಬಲ ಎರಡೂ ಕ್ರಿಟ್‌ನಲ್ಲಿ ದುಪ್ಪಟ್ಟು. ಉರುಳುವ ಮಂತ್ರ ಹೆಚ್ಚುತ್ತಿರಲಿಲ್ಲ. ಬೆಂಕಿಯ ಒಂದು ದಾಳ ಒಂದಾಗಿಯೇ ಉಳಿಯುತ್ತಿತ್ತು. ಇದಕ್ಕೆ ಒಂದು ಅರ್ಥ ಹೇಳಬಹುದು. ಮರ್ಮಕ್ಕೆ ಬಿದ್ದದ್ದು ಅಲಗು, ಅದರ ಹಿಂದಿದ್ದದ್ದು ತೋಳು. ಅಲಗಿಗೆ ಅಂಟಿದ ಬೆಂಕಿ ಕುತ್ತಿಗೆಯನ್ನು ಸುಟ್ಟರೂ ಭುಜವನ್ನು ಸುಟ್ಟರೂ ಬೆಂಕಿಯಷ್ಟೇ. ಕ್ರಿಟ್‌ನಲ್ಲಿ ಬೆಂಕಿಯೂ ಉಬ್ಬಬೇಕೆಂದರೆ ಅದಕ್ಕೆ ಫ್ಲೇಮಿಂಗ್ ಬರ್ಸ್ಟ್ ಎಂಬ ಪ್ರತ್ಯೇಕ ಮಂತ್ರವನ್ನೇ ಕತ್ತಿಗೆ ಹಾಕಿಸಬೇಕಿತ್ತು. ಆಗ ಎರಡರಷ್ಟು ಹೊಡೆಯುವ ಆಯುಧಕ್ಕೆ ಹತ್ತು ಮುಖದ ಒಂದು ದಾಳ, ಮೂರರಷ್ಟರದಕ್ಕೆ ಎರಡು, ನಾಲ್ಕರಷ್ಟರದಕ್ಕೆ ಮೂರು. ಸಾಣೆ ಹಿಡಿದಂಥ 'ಕೀನ್' ಮಂತ್ರ ಕ್ರಿಟ್ ಬೀಳುವ ಅಂಕಗಳನ್ನೇ ದುಪ್ಪಟ್ಟು ಮಾಡುತ್ತಿತ್ತು. ಯೋಧನ ಸ್ವಂತ ತರಬೇತಿಯೂ ಅದರ ಜೊತೆ ಸೇರಿದರೆ ಚುಚ್ಚುಗತ್ತಿಗೆ 12ರಿಂದ 20ರವರೆಗೆ ಎಲ್ಲವೂ ಮರ್ಮವೇ. ಇದು ಅತಿಯಾಯಿತೆಂದು 2003ರ ಪರಿಷ್ಕರಣೆಯಲ್ಲಿ ಎರಡನ್ನೂ ಒಟ್ಟಿಗೆ ಸೇರಿಸುವುದನ್ನು ನಿಲ್ಲಿಸಿದರು. ಅಂಚು 15ಕ್ಕೆ ಬಂದು ನಿಂತಿತು.

2008ರ ನಾಲ್ಕನೆಯ ಆವೃತ್ತಿ ಗುಣಾಕಾರವನ್ನೇ ಕೈಬಿಟ್ಟಿತು. 20 ಬಿದ್ದರೆ ಆಯುಧದ ದಾಳವನ್ನು ಉರುಳಿಸುವುದೇ ಇಲ್ಲ, ಅದರ ಗರಿಷ್ಠ ಅಂಕ ತೆಗೆದುಕೊಳ್ಳಬೇಕು. ಕಬ್ಬಿಣದ ಕತ್ತಿಗೆ ಅಷ್ಟೇ. ಮಂತ್ರದ ಕತ್ತಿಯಾದರೆ ಅದರ ಒಂದೊಂದು ಪ್ಲಸ್‌ಗೆ ಸಾಮಾನ್ಯವಾಗಿ ಆರು ಮುಖದ ಒಂದೊಂದು ದಾಳ ಹೆಚ್ಚುವರಿ. ಪ್ಲಸ್ ತ್ರೀ ಕತ್ತಿಗೆ ಎಂಟು, ಬಲದ ಮೂರು, ಮಂತ್ರದ ಮೂರು, ಮೇಲೆ ಉರುಳಿಸಲು ಮೂರು ದಾಳ. ಕ್ರಿಟ್‌ನ ಬೆರಗು ಮತ್ತೆ ಮಂತ್ರಾಯುಧದ ಸೊತ್ತಾಯಿತು, ವೋರ್ಪಲ್ ಖಡ್ಗದ ಕಾಲದಲ್ಲಿದ್ದಂತೆ. ಈ ಆವೃತ್ತಿಯನ್ನು ಇಷ್ಟಪಡದವರು ಬಹಳ. ಆದರೂ ಕ್ರಿಟ್ ಎಂದೂ ಮುಖಭಂಗ ಮಾಡಬಾರದೆಂದು ಅಷ್ಟು ಕಾಳಜಿ ಮಾಡಿದ ನಿಯಮ ಇನ್ನೊಂದಿಲ್ಲ.

ಈಗ ನಮ್ಮ ಮೇಜಿನ ಮೇಲಿದ್ದ ಪುಸ್ತಕ, 2014ರ ಐದನೆಯ ಆವೃತ್ತಿ. ಅದರ ನಿಯಮ ಒಂದೇ ಸಾಲಿನದು: ಆ ಏಟಿಗೆ ಸೇರಿದ ಹಾನಿಯ ದಾಳಗಳನ್ನೆಲ್ಲ ಎರಡು ಸಲ ಉರುಳಿಸಿ, ಕೂಡುವ ಅಂಕಗಳನ್ನು ಒಂದೇ ಸಲ ಕೂಡಿಸಿ. ಬೆಂಕಿಯ ಎರಡು ದಾಳ ನಾಲ್ಕಾಗುತ್ತವೆ. ಪ್ಲಸ್ ಒನ್ ಪ್ಲಸ್ ಒನ್ ಆಗಿಯೇ ಉಳಿಯುತ್ತದೆ.

ಇದರ ಪರಿಣಾಮ ಎಷ್ಟೆಂದು ನಮ್ಮ ಟ್ರೋಲ್‌ನ ಮೇಲೇ ಅಳೆದು ನೋಡೋಣ. ಏಟು ತಾಗಲು ಮುಟ್ಟಬೇಕಾದ ಅದರ ಕವಚದ ಅಂಕ 15. ಹುಡುಗನ ಯೋಧ ದಾಳಕ್ಕೆ 5 ಕೂಡಿಸುತ್ತಾನೆ, ಅವನ ತೋಳಿನ ಬಲ 3. ಬರೀ ಉದ್ದ ಕತ್ತಿ ನೂರು ಸಲ ಬೀಸಿದರೆ ಸರಾಸರಿ 435 ಅಂಕ ಹಾನಿ. ಪ್ಲಸ್ ಒನ್ ಕತ್ತಿಯಾದರೆ ಸುಮಾರು 532. ಫ್ಲೇಮ್ ಟಂಗ್ ಆದರೆ 855. ಈ ಮೊತ್ತದೊಳಗೆ ಕ್ರಿಟ್ ಒಂದರಿಂದಲೇ ಬಂದ ಹೆಚ್ಚಳವೆಷ್ಟು? ಬರೀ ಕತ್ತಿಗೆ ಇಪ್ಪತ್ತೆರಡೂವರೆ. ಪ್ಲಸ್ ಒನ್ ಕತ್ತಿಗೂ ಅದೇ ಇಪ್ಪತ್ತೆರಡೂವರೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಫ್ಲೇಮ್ ಟಂಗ್‌ಗೆ ಐವತ್ತೇಳೂವರೆ. ಪ್ಲಸ್ ಒನ್ ಕತ್ತಿಯ ಉಪಕಾರವೆಲ್ಲ ಸಾಮಾನ್ಯ ದಿನಗಳದ್ದು. ನೂರರಲ್ಲಿ ಐದು ತಪ್ಪುವ ಏಟನ್ನು ತಾಗಿಸುತ್ತದೆ, ತಾಗಿದ್ದಕ್ಕೆಲ್ಲ ಒಂದು ಕೂಡಿಸುತ್ತದೆ. 20 ಬಿದ್ದ ಕ್ಷಣದಲ್ಲಿ ಮಾತ್ರ ಅದು ಕಬ್ಬಿಣದ ಕತ್ತಿಯ ಪಕ್ಕದಲ್ಲೇ ನಿಂತಿರುತ್ತದೆ.

ಆದ್ದರಿಂದ ಕಥೆ ನಡೆಸುವವರು ಯಾರ ಕೈಗೆ ಯಾವ ಕತ್ತಿ ಕೊಡಬೇಕೆಂದು ಯೋಚಿಸುವಾಗ ಇದನ್ನು ನೆನೆಯಬೇಕು. ಎದುರಾಳಿ ಬಲೆಯಲ್ಲಿ ಸಿಕ್ಕಿಕೊಂಡೋ ನಾವು ಕಣ್ಣಿಗೆ ಬೀಳದೆ ನಿಂತೋ ಅನುಕೂಲ ಸಿಕ್ಕರೆ ಇಪ್ಪತ್ತರ ದಾಳ ಎರಡು ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ಕ್ರಿಟ್‌ನ ಸಾಧ್ಯತೆ ಶೇ 9.75ಕ್ಕೆ ಏರುತ್ತದೆ. ಚಾಂಪಿಯನ್ ಜಾತಿಯ ಯೋಧನಿಗೆ 19 ಕೂಡ ಕ್ರಿಟ್ಟೇ. ಇಂಥವರ ಕೈಗೆ ಉರುಳುವ ಮಂತ್ರ ಕೊಟ್ಟರೆ ಅದು ಹಬ್ಬ. ಪ್ಯಾಲಡಿನ್ ಎಂಬ ಧರ್ಮಯೋಧನಿಗೆ 2014ರ ಪುಸ್ತಕದಲ್ಲಿ ಇನ್ನೂ ದೊಡ್ಡ ಸೌಲಭ್ಯವಿತ್ತು: ತನ್ನ ದೈವಬಲವನ್ನು ಏಟಿಗೆ ಸುರಿಯಬೇಕೇ ಬೇಡವೇ ಎಂದು 20 ಕಣ್ಣಾರೆ ಕಂಡ ಮೇಲೆ ನಿರ್ಧರಿಸಬಹುದಿತ್ತು.

ಅದೇ ಪುಸ್ತಕದ ವಿಷಸ್ ವೆಪನ್ ಎಂಬ ಆಯುಧದ ಬಗ್ಗೆ ನನಗೆ ಯಾವಾಗಲೂ ಬೇಸರ. ಅದರ ಮಂತ್ರವೆಲ್ಲ 20ಕ್ಕೇ ಮೀಸಲು, ಬಿದ್ದಾಗ ಕೊಡುವುದು 7 ಅಂಕ. ಆರು ಮುಖದ ಎರಡು ದಾಳಗಳ ಸರಾಸರಿ ಸರಿಯಾಗಿ ಏಳು. ಏಳನ್ನು ದಾಳವಾಗಿ ಕೊಟ್ಟಿದ್ದರೆ ಕ್ರಿಟ್‌ನಲ್ಲಿ ಅದೂ ದುಪ್ಪಟ್ಟಾಗುತ್ತಿತ್ತು. ಅಂಕವಾಗಿ ಕೊಟ್ಟದ್ದರಿಂದ ಆಗುವುದಿಲ್ಲ. ಸೋರ್ಡ್ ಆಫ್ ಶಾರ್ಪ್‌ನೆಸ್‌ನ 14 ಅಂಕವೂ ಹಾಗೇ, ನಾಲ್ಕು ದಾಳಗಳ ಸರಾಸರಿ. ಲೆಕ್ಕದ ಕಡೆಯಿಂದ ಇದು ಎಚ್ಚರಿಕೆಯ ಕೆಲಸವೇ. ಆದರೆ ನೂರರಲ್ಲಿ ತೊಂಬತ್ತೈದು ಸಲ ಸುಮ್ಮನಿರುವ ಕತ್ತಿ, ಮಾತಾಡುವ ಐದೇ ಸಲವೂ ಕೈಗೆ ಉರುಳಿಸಲು ಏನೂ ಕೊಡದೆ ಕಾಗದದ ಮೇಲೆ ಏಳು ಬರೆದುಕೋ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. 2024ರ ಪುಸ್ತಕ ಅದನ್ನು ತಿದ್ದಿತು. ಈಗ ವಿಷಸ್ ಆಯುಧ ತಾಗಿದ ಪ್ರತಿ ಸಲವೂ ಎರಡು ದಾಳ ಕೊಡುತ್ತದೆ, ಕ್ರಿಟ್‌ನಲ್ಲಿ ಅವು ನಾಲ್ಕಾಗುತ್ತವೆ.

ಪೈಜೊ ಸಂಸ್ಥೆ 2019ರಲ್ಲಿ ತಂದ, ಪಾತ್‌ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದ ಎರಡನೆಯ ಆವೃತ್ತಿ ಬೇರೆಯೇ ದಾರಿ ಹಿಡಿದಿದೆ. ಅಲ್ಲಿ ಎದುರಾಳಿಯ ಕವಚದ ಅಂಕವನ್ನು ಹತ್ತು ಅಂಕಗಳಿಂದ ಮೀರಿದರೂ ಕ್ರಿಟ್. ಆಗ ತಾಗುವುದಕ್ಕೆ ಸಿಕ್ಕ ಒಂದೇ ಒಂದು ಅಂಕವೂ ಕ್ರಿಟ್‌ನ ಸಾಧ್ಯತೆಯನ್ನು ಮೇಲಕ್ಕೆ ಒಯ್ಯಬಲ್ಲದು. ದಾಳ, ಬಲ ಎರಡೂ ಸೇರಿ ಹಾನಿಯೂ ಪೂರ್ತಿ ದುಪ್ಪಟ್ಟು. ಐದನೆಯ ಆವೃತ್ತಿಯಲ್ಲಿ ಬಡವಾದ ಪ್ಲಸ್ ಒನ್ ಕತ್ತಿಗೆ ಮರ್ಯಾದೆ ಇರುವ ಮನೆ ಇದು.

ಗೈಗ್ಯಾಕ್ಸ್‌ರ ಹಳೆಯ ಅಂಜಿಕೆ 2022ರಲ್ಲಿ ಮತ್ತೆ ತಲೆಯೆತ್ತಿತು. ಹೊಸ ಪುಸ್ತಕಕ್ಕೆ ಮುಂಚೆ ಆಟಗಾರರ ಪರೀಕ್ಷೆಗೆಂದು ಆ ಆಗಸ್ಟ್‌ನಲ್ಲಿ ಬಿಟ್ಟ ಕರಡಿನಲ್ಲಿ ಕ್ರಿಟ್ ಆಟಗಾರರ ಪಾತ್ರಗಳಿಗೆ ಮಾತ್ರ, ರಾಕ್ಷಸರಿಗಿಲ್ಲ ಎಂದಿತ್ತು. ದುಪ್ಪಟ್ಟಾಗುವುದು ಆಯುಧದ ದಾಳ ಮಾತ್ರ ಎಂದೂ ಇತ್ತು. ಮುಂದಿನ ಕರಡಿನಲ್ಲೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಒಳ್ಳೆಯದಾಯಿತು ಎನ್ನುವವರಲ್ಲಿ ನಾನೂ ಒಬ್ಬ. ರಾಕ್ಷಸನಿಗೆ 20 ಬೀಳಲಾರದೆಂದು ಗೊತ್ತಿದ್ದರೆ ಸೇತುವೆಯ ಮೇಲೆ ನಿಂತ ಯೋಧನ ಧೈರ್ಯಕ್ಕೆ ತೂಕವೇ ಇರುವುದಿಲ್ಲ.

ಮೇಜಿಗೆ ವಾಪಸು ಬರುತ್ತೇನೆ. ಅಕ್ಕ ನಕ್ಕರು. "ಹೌದಪ್ಪಾ, ಬೆಂಕಿದೂ ಡಬಲ್. ಬಲ ಮಾತ್ರ ಒಂದೇ ಸಲ. ಹಾಕು."

ಹುಡುಗನ ಹತ್ತಿರ ಆರು ಮುಖದ ದಾಳ ಎರಡೇ ಇದ್ದವು. ನನ್ನವೆರಡನ್ನು ಕೊಟ್ಟೆ. ಎಂಟರ ಎರಡು, ಆರರ ನಾಲ್ಕು, ಎರಡೂ ಅಂಗೈ ಸೇರಿಸಿದರೂ ತುಂಬಿ ತುಳುಕುತ್ತಿದ್ದವು. ಸರಾಸರಿ ಬಿದ್ದಿದ್ದರೆ 26 ಆಗಬೇಕಿತ್ತು. ಕತ್ತಿಯ ದಾಳಗಳಲ್ಲಿ ಮೂರು, ಐದು. ಬೆಂಕಿಯವುಗಳಲ್ಲಿ ಒಂದು, ಎರಡು, ಒಂದು, ಎರಡು. ಬಲ ಮೂರು. ಒಟ್ಟು 17. ಕ್ರಿಟ್ ಇಲ್ಲದ ಸಾಮಾನ್ಯ ಏಟಿನಲ್ಲೇ 23ರವರೆಗೆ ಬರಬಹುದಾದ ಕತ್ತಿ ಅದು. ಹುಡುಗನ ಮುಖ ಸಣ್ಣಗಾಯಿತು. ಕೆಲವು ಮನೆಗಳಲ್ಲಿ ಇದಕ್ಕೆಂದೇ ಒಂದು ರೂಢಿ ಇದೆ: ಮೊದಲ ಸಲದ ದಾಳಗಳಿಗೆ ಗರಿಷ್ಠ ಅಂಕ ಕೊಟ್ಟು, ಎರಡನೆಯ ಸಲದ್ದನ್ನು ಮಾತ್ರ ಉರುಳಿಸುವುದು. ಯಾರೋ ಅದನ್ನು ಎತ್ತಿದರು. "ಆಟದ ನಡುವೆ ನಿಯಮ ಬೇಡ, ಮುಂದಿನ ವಾರ ಮಾತಾಡೋಣ" ಎಂದರು ಅಕ್ಕ.

ಟ್ರೋಲ್‌ಗೆ ಉಳಿದಿದ್ದದ್ದು 20 ಅಂಕ, ಹದಿನೇಳು ಹೋಗಿ ಮೂರು. ಬೆಂಕಿ ತಾಗಿದ್ದರಿಂದ ಈ ಸುತ್ತಿನಲ್ಲಿ ಅದರ ಗಾಯ ಮಾಯುವುದಿಲ್ಲ. ಆದರೆ ಸರದಿ ಅದರದು. ಒಮ್ಮೆ ಕಚ್ಚುತ್ತದೆ, ಎರಡು ಸಲ ಪರಚುತ್ತದೆ. ಮೂರು ಏಟಿನಲ್ಲಿ ಒಂದಾದರೂ 20 ಬೀಳುವ ಸಾಧ್ಯತೆ ಶೇ 14ಕ್ಕಿಂತ ಸ್ವಲ್ಪ ಹೆಚ್ಚು. ಹುಡುಗ ಕುಳಿತುಕೊಂಡ. ಅಕ್ಕ ಇಪ್ಪತ್ತರ ದಾಳ ಎತ್ತಿಕೊಂಡು, ತಮ್ಮ ಮುಂದಿದ್ದ ರಟ್ಟಿನ ಪರದೆಯನ್ನು ಮಡಚಿ ಪಕ್ಕಕ್ಕಿಟ್ಟು, ಎಲ್ಲರಿಗೂ ಕಾಣುವಂತೆ ಹಾಳೆಯ ನಡುವೆ ಉರುಳಿಸಿದರು.